ಚೆಂಡಿಗೆ ಕಿವಿಗೊಟ್ಟ ಜೋಕಿಮ್ ಪೊರ್ಬು

ಗಾಲ್ಫ್ ಆಡುವವನು ಕೋಲೆತ್ತಿ ಬೀಸಿದ ಕೂಡಲೇ ಸುತ್ತಲಿದ್ದವರೆಲ್ಲ ಚೆಂಡು ಹಾರಿದ ದಿಕ್ಕಿಗೆ ಕಣ್ಣು ನೆಟ್ಟರೆ, ಜೋಕಿಮ್ ಆರಾನ್ನಾ ಒಬ್ಬರು ಮಾತ್ರ ಅದಕ್ಕೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಎಡಗಿವಿಯನ್ನು ತುಸು ಮೇಲೆತ್ತಿ ನಿಲ್ಲುತ್ತಿದ್ದರು. ನೆಲದ ಕೆಂಪು ಮುರಕಲ್ಲಿಗೆ ಬಡಿದರೆ ಒಂದು ಸದ್ದು, ಒಣಗಿದ ಮುಳಿಹುಲ್ಲಿನಲ್ಲಿ ಬಿದ್ದರೆ ಇನ್ನೊಂದು, ಗೇರುಮರದ ತರಗೆಲೆಗಳ ಮೇಲಾದರೆ ಮತ್ತೊಂದು. ಆಮೇಲೆ ನಿಧಾನವಾಗಿ, ಒಂದು ಕಾಲನ್ನು ಎಳೆದು ಹಾಕುತ್ತ ನೇರ ಆ ಜಾಗಕ್ಕೆ ನಡೆದು, ಬೆರಳು ತೋರಿಸಿ, “ಇಲ್ಲಿ ಉಂಟು, ಕೇಳಿತಲ್ಲ?” ಎನ್ನುತ್ತಿದ್ದರು. ಯಾರಿಗೂ ಏನೂ ಕೇಳಿರುತ್ತಿರಲಿಲ್ಲ. ಚೆಂಡು ಮಾತ್ರ ಅಲ್ಲೇ ಇರುತ್ತಿತ್ತು.

ಶಿರ್ವದವರಾದ ಅವರು ನೈರೋಬಿಯ ಗಾಲ್ಫ್ ಕ್ಲಬ್ಬೊಂದರಲ್ಲಿ ಇಪ್ಪತ್ತು ವರ್ಷ ಹುಲ್ಲು ಸಾಕಿ ಊರಿಗೆ ಮರಳಿದವರು. ಪರ್ಕಳದಾಚೆ, ಗುಡ್ಡದ ನೆತ್ತಿಯ ಬೋಳು ಪದವಿನಲ್ಲಿ ಮಣಿಪಾಲದ ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚಿನವರು ಮಲೇಷ್ಯಾದವರು, ಒಂಬತ್ತು ಕುಳಿಗಳ ಮೈದಾನವೊಂದನ್ನು ಹೇಗೋ ಕೂಡಿಸಿಕೊಂಡಾಗ ಅದರ ಯೋಗಕ್ಷೇಮ ಇವರ ಪಾಲಿಗೆ ಬಂತು. ಮಳೆ ನಿಂತ ಮೇಲೆ ಆ ಕೆಂಪು ನೆಲದಲ್ಲಿ ಹಸಿರು ನಿಲ್ಲುವಂತಿಲ್ಲ. ಕುಳಿಗಳ ಸುತ್ತ ಮರಳಿಗೆ ಎಣ್ಣೆ ಬೆರೆಸಿ, ಅಂಗಳ ಸಾರಿಸಿದಂತೆ ಅವರು ಸಮಮಾಡುತ್ತಿದ್ದರು. ತುಳುವರು ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವಂತೆ ಎಲ್ಲರೂ ಅವರನ್ನು ಪೊರ್ಬುಗಳೆಂದೇ ಕರೆದರು.

ಏಪ್ರಿಲಿನ ಉರಿಬಿಸಿಲಿನಲ್ಲೂ ಅವರು ಕಪ್ಪು ಉಣ್ಣೆಯ ಕೋಟು ಕಳಚುತ್ತಿರಲಿಲ್ಲ. ಹೆಂಡತಿ ಮ್ಯಾಗ್ಡಲಿನ್ ಗದರಿದರೆ, “ನನಗೆ ಒಳಗಿನಿಂದ ಚಳಿ ಮಾರಾಯ್ತಿ” ಎನ್ನುತ್ತಿದ್ದರು. ಆ ಚಳಿ ಹಿಡಿದದ್ದು ಎಪ್ಪತ್ತಮೂರರ ಆಗಸ್ಟಿನಲ್ಲಿ.

ಕಾಪುವಿನ ಹುಡುಗ ಆಂಟನಿ ಆಗ ಎರಡನೇ ವರ್ಷದ ವಿದ್ಯಾರ್ಥಿ. ತನ್ನ ಚೆಂಡುಗಳ ಮೇಲೆಲ್ಲ ಶಾಯಿಯಿಂದ ಪುಟ್ಟದೊಂದು ನೀಲಿ ಮೀನು ಬರೆದುಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಅವನು ಹೊಡೆದ ಚೆಂಡು ಒಂಬತ್ತನೇ ಕುಳಿಯ ಬಲಕ್ಕಿದ್ದ ಹಳೆಯ ಕಲ್ಲುಕೋರೆಯತ್ತ ಹೋಯಿತು. ಜೋಕಿಮರು ಕಣ್ಣು ತೆರೆದು, “ಕೋರೆಯ ಅಂಚಿನಲ್ಲಿ, ಪಾಚಿಯ ಮೇಲೆ ಉಂಟು” ಎಂದರು. ಹುಡುಗ ನಗುತ್ತ ಹೋದ. ಕಾಲು ಜಾರಿತು. ಮರುದಿನ ಕೋರೆಯ ನೀರಿನಿಂದ ಅವನನ್ನು ಮೇಲೆತ್ತಿದರು. ಅವನನ್ನು ಅಲ್ಲಿಗೆ ಕಳಿಸಿದ್ದು ಯಾರೆಂದು ಯಾರೂ ಕೇಳಲಿಲ್ಲ. ಜೋಕಿಮರು ಹೇಳಲೂ ಇಲ್ಲ. ಅಂದಿನಿಂದ ಆ ದಿಕ್ಕಿಗೆ ಹೋದ ಚೆಂಡುಗಳಿಗೆಲ್ಲ ಅವರದು ಒಂದೇ ಉತ್ತರ: “ಅದು ಹೋಯಿತು. ಬೇರೆ ಹೊಡೆಯಿರಿ.” ಎಲ್ಲಿದೆಯೆಂದು ಗೊತ್ತಿದ್ದೂ ಅವರು ಹೇಳುತ್ತಿದ್ದ ಸುಳ್ಳು ಅದೊಂದೇ.

ಆದರೆ ಆಟವಿಲ್ಲದ ದಿನಗಳಲ್ಲಿ, ಪದವಿನ ಮೇಲೆ ನರಪಿಳ್ಳೆಯೂ ಇಲ್ಲದ ನಡುಮಧ್ಯಾಹ್ನ, ಕೋರೆಯ ಕಡೆಯಿಂದ ಯಾರೋ ಚೆಂಡು ಹೊಡೆದ ಸದ್ದು ಅವರಿಗೆ ಕೇಳತೊಡಗಿತು.

“ತೆಂಗಿನಕಾಯಿ ಬಿದ್ದದ್ದಿರಬೇಕು” ಎಂದಳು ಮ್ಯಾಗ್ಡಲಿನ್.

“ಆ ಪದವಿನಲ್ಲಿ ತೆಂಗಿನಮರ ಎಲ್ಲಿ ಉಂಟು?”

ಆಕೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು.

ಎಪ್ಪತ್ತೊಂಬತ್ತರ ಫೆಬ್ರವರಿಯಲ್ಲಿ ಕೊಲಂಬೊದ ಕಾಲೇಜೊಂದರ ತಂಡ ಆಡಲು ಬಂತು. ಆ ಬೋಳುಗುಡ್ಡ ಕಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು. ಎರಡೂ ಕಡೆ ನಾಲ್ಕು ನಾಲ್ಕು ಆಟಗಾರರು; ನಾಲ್ವರ ಹೊಡೆತಗಳನ್ನು ಕೂಡಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಕೊನೆಯ ಕುಳಿ ಒಂಬತ್ತನೆಯದು. ಅಲ್ಲಿಗೆ ಬರುವಾಗ ಎರಡೂ ತಂಡಗಳ ಲೆಕ್ಕ ಸರಿಸಮ. ಆಡಲು ಉಳಿದಿದ್ದವರು ನಾಯಕರಿಬ್ಬರೇ, ನಮ್ಮವನು ಕಾರ್ಕಳದ ಡೆನಿಸ್, ಅವರವನು ನಿಹಾಲ್. ನಿಹಾಲನ ಚೆಂಡು ನೇರ ಹೋಯಿತು. ಡೆನಿಸನದು ಬಲಕ್ಕೆ ವಾಲಿ ಕೋರೆಯತ್ತ ಹಾರಿತು.

ಬೆನ್ನು ತಿರುಗಿಸಿ ನಿಂತಿದ್ದ ಜೋಕಿಮರಿಗೆ ನೀರಿನಲ್ಲಿ ಚೆಂಡು ಮುಳುಗಿದ ಸದ್ದು ಸ್ಪಷ್ಟವಾಗಿ ಕೇಳಿತು. ಅದರ ಬೆನ್ನಿಗೇ, ಆಳದಿಂದ, ಕೋಲು ಚೆಂಡಿಗೆ ತಗುಲಿದ ಇನ್ನೊಂದು ಸದ್ದು.

“ಸಿಕ್ಕಿತು!” ಎಂದು ಡೆನಿಸ್ ಕೂಗಿದ. ಕುಳಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಬಟಾಬಯಲಿನಲ್ಲಿ, ಚೆಂಡೊಂದು ಬೆಳ್ಳಗೆ ಕೂತಿತ್ತು. ಜೋಕಿಮರು ಕಾಲೆಳೆಯುತ್ತ ಹೋಗಿ ಬಾಗಿದರು. ಕಲ್ಲು ಸಿಡಿಯುವಂಥ ಆ ಬಿಸಿಲಿನಲ್ಲಿ ಚೆಂಡು ಒದ್ದೆಯಾಗಿತ್ತು. ಅದರ ಮೇಲೆ, ಈಗಷ್ಟೇ ಬರೆದಂತೆ, ಪುಟ್ಟದೊಂದು ನೀಲಿ ಮೀನು.

“ಇದು ನಿಮ್ಮದೇ ಅಲ್ವಾ?” ನಿಹಾಲ್ ಇಂಗ್ಲಿಷಿನಲ್ಲಿ ಸೌಜನ್ಯದಿಂದ ಕೇಳಿದ.

ಡೆನಿಸ್ ಜೋಕಿಮರ ಕೋಟಿನ ತೋಳು ಹಿಡಿದು ಪಿಸುಗುಟ್ಟಿದ: “ಪೊರ್ಬುಗಳೇ, ಹೌದು ಅಂತ ಹೇಳಿ. ನೀವು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ. ಗೆದ್ದೇಬಿಡ್ತೇವೆ.”

ಒಂದು ಸಣ್ಣ ಸುಳ್ಳು ಜೋಕಿಮರಿಗೆ ಐದಾರು ವರ್ಷಗಳಿಂದ ಅಭ್ಯಾಸವಾಗಿತ್ತು, ಇನ್ನೊಂದು ಕಷ್ಟವಾಗಬೇಕಿರಲಿಲ್ಲ.

“ನಿನ್ನದಲ್ಲ ಮಗಾ,” ಎಂದರು. “ನಿನ್ನದು ನೀರಿನಲ್ಲಿ ಉಂಟು. ಇದು ಆಂಟನಿಯದ್ದು.”

ಡೆನಿಸ್ ದಂಡದ ಹೊಡೆತ ಸೇರಿಸಿಕೊಂಡು ಹೊಸ ಚೆಂಡಿನಿಂದ ಆಡಿದ. ಎರಡೇ ಹೊಡೆತಗಳ ಅಂತರದಲ್ಲಿ ನಮ್ಮವರು ಸೋತರು. ಅಂದು ಹುಡುಗರು ಯಾರೂ ಅವರೊಡನೆ ಮಾತಾಡಲಿಲ್ಲ.

ವಾರದ ಬಳಿಕ ಜೋಕಿಮರು ಬಸ್ಸು ಹಿಡಿದು ಕಾಪುವಿಗೆ ಹೋದರು. ಆಂಟನಿಯ ತಾಯಿ ಎಲಿಜಬೆತ್ ಬಾಯಿ ಅಂಗಳದಲ್ಲಿ ಭತ್ತ ಹರವುತ್ತಿದ್ದರು. ಇವರು ಕೂರಲಿಲ್ಲ; ನಿಂತೇ ಆ ನೀಲಿ ಮೀನಿನ ಚೆಂಡನ್ನು ಮುಂದೆ ಹಿಡಿದು, “ಅವತ್ತು ಅಲ್ಲಿ ಉಂಟು ಅಂತ ಹೇಳಿದ್ದು ನಾನು, ಬಾಯಿ. ನಾನೇ ಅವನನ್ನು ಕಳಿಸಿದ್ದು” ಎಂದರು.

ಆಕೆ ಚೆಂಡನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡರು.

“ಇನ್ನೂ ಹಸಿ ಉಂಟಲ್ಲ,” ಎಂದರು. “ನೀವು ಬರ್ತೀರಿ ಅಂತ ಗೊತ್ತಿತ್ತು. ಯಾಕೆ ಇಷ್ಟು ತಡ ಮಾಡಿದಿರಿ? ಅವನು ಅಲ್ಲಿ ಕಾಯ್ತಿದ್ದ, ನಾನು ಇಲ್ಲಿ.”

ಜೋಕಿಮರು ಆ ಅಂಗಳದ ಕಲ್ಲಿನ ಮೇಲೆ ಕುಸಿದು ಕೂತು, ಮಕ್ಕಳಂತೆ ಅತ್ತರು. ಆಕೆ ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟರು. ಆ ದಿನದ ಮೇಲೆ ಕೋರೆಯ ಕಡೆಯಿಂದ ಅವರಿಗೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲವಂತೆ.

ಇಂಥವರು ಒಂದೊಂದು ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಉಳಿದವರು ಆಕಸ್ಮಿಕವೆಂದು ಹೆಸರಿಟ್ಟು ಮರೆತ ಸಂಗತಿಯಲ್ಲಿ ತಮ್ಮ ಪಾಲನ್ನು ಯಾರಿಗೂ ಹೇಳದೆ ಹೊತ್ತು ತಿರುಗುವವರು. ವರ್ಷಗಟ್ಟಲೆ ಅಂಜಿ, ಕೊನೆಗೆ ಹೇಳುವಾಗ ಸೋಲುಗೆಲುವು ನೋಡದೆ ಹೇಳಿಬಿಡುವವರು. ಸತ್ತವರು ಅವರನ್ನೇ ಹುಡುಕಿಕೊಂಡು ಬರುವುದು ದಂಡಿಸಲಿಕ್ಕೆಂದು ನಾವು ಭಾವಿಸುತ್ತೇವೆ. ಇರಲಾರದು. ತಮ್ಮ ಮನೆಗೆ ಸುದ್ದಿ ಮುಟ್ಟಿಸಲು ಸತ್ತವರಿಗೂ ನಂಬಿಗಸ್ತರೊಬ್ಬರು ಬೇಕಾಗುತ್ತದೆ.