ಎರಡು ನಾಯಿಗೆ ಒಂದು ಬಿಲ್ಲೆ

"ಎರಡೂ ನಿಮ್ದೇನಮ್ಮಾ?"

ನಾಯಿ ಹಿಡಿಯುವ ಗಾಡಿಯವನು ತುಟಿಯ ಬೀಡಿ ತೆಗೆಯದೆ ಕೇಳಿದ. ಜಾಲರಿಯ ಹಿಂದೆ ಟೈಗರ್ ಮತ್ತು ಕೆಂಚ ಒಟ್ಟಿಗೇ ಮೂತಿ ಚಾಚಿಕೊಂಡು ಪಾರ್ವತಮ್ಮನನ್ನೇ ನೋಡುತ್ತಿದ್ದವು. ಮದುವೆ ದಿಬ್ಬಣದ ಬಸ್ಸು ಹತ್ತಿದ ಹಾಗೆ ಬಾಲ ಬೇರೆ ಅಲ್ಲಾಡಿಸುತ್ತಿದ್ದವು, ದರಿದ್ರದವು. ಬಟ್ಟೆ ಒಗೆಯುವುದನ್ನು ಬಿಟ್ಟು ಓಡಿಬಂದವಳ ಮೊಣಕೈವರೆಗೂ ಸೋಪಿನ ನೊರೆ.

"ಒಂದೇ," ಎಂದುಬಿಟ್ಟಳು. "ಬಿಲ್ಲೆ ಇರೋದು ನಂದು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವನು ಟೈಗರ್‌ನ ಕೊರಳಿನ ಹಿತ್ತಾಳೆ ಬಿಲ್ಲೆ ನೋಡಿ ಅದನ್ನು ಕೆಳಗಿಳಿಸಿದ. ಕೆಂಚನೂ ಹಿಂದೆಯೇ ಹಾರಲು ಬಂತು. ಬಾಗಿಲು ಮುಚ್ಚಿತು.

"ಅದರ ಯಜಮಾನ್ರು ಯಾರಾದ್ರೂ ಇದ್ರೆ ಮಧ್ಯಾಹ್ನದೊಳಗೆ ಶೆಡ್ಡಿಗೆ ಬಂದು ದಂಡ ಕಟ್ಲಿ, ಆಮೇಲೆ ಜೀವ ಉಳಿಸಲ್ಲ," ಎಂದು ಹೇಳಿ ಗಾಡಿಯವನು ಹೊರಟ.

ಯಜಮಾನಿ ಇದ್ದಳು. ಬನಶಂಕರಿ ಎರಡನೇ ಸ್ಟೇಜಿನ ಅದೇ ವಠಾರದ ಪಕ್ಕದ ಮನೆಯ ಅಂಜನಮ್ಮ. ಗಂಡ ಹೋದಮೇಲೆ ಮನೆಮನೆಗೆ ಹೂವು ಹಾಕಿ ಬದುಕುವವಳು. ಖಾಲಿ ಸೈಟಿನಲ್ಲಿ ಸಿಕ್ಕ ಒಂದೇ ಸೂಲಿನ ಎರಡು ಮರಿಗಳನ್ನು ಇಬ್ಬರೂ ಹಂಚಿಕೊಂಡಿದ್ದರು. ಕಾರ್ಪೊರೇಷನ್ನಿನವರು ನಾಯಿಗೆ ಲೈಸೆನ್ಸು, ಬಿಲ್ಲೆ ಬೇಕೆಂದಾಗ ಉಪಾಯ ಹೂಡಿದವಳು ಪಾರ್ವತಮ್ಮನೇ. ಕೊತ್ತಂಬರಿ ಕೊಂಡರೆ ಕರಿಬೇವನ್ನು ಕೊಸರಿಗೆ ಕೇಳುವ ಹೆಂಗಸು ಅವಳು, ಎರಡು ಬಿಲ್ಲೆ ಕೊಳ್ಳುತ್ತಾಳೆಯೇ? "ಎರಡಕ್ಕೂ ಒಂದೇ ಬಣ್ಣ, ಒಂದೇ ಮೂತಿ ಅಕ್ಕ. ಒಂದು ಹೊರಗಿದ್ರೆ ಇನ್ನೊಂದನ್ನ ಕಟ್ಟಾಕೋದು. ಯಾವನಿಗೆ ಗೊತ್ತಾಗುತ್ತೆ?" ಎಂದಿದ್ದಳು. ಅಂಜನಮ್ಮ ಒಲ್ಲದ ಮನಸ್ಸಿನಿಂದಲೇ ಅರ್ಧ ದುಡ್ಡು ಕೊಟ್ಟಿದ್ದಳು. ಬೆಳಿಗ್ಗೆ ಬಿಲ್ಲೆ ಟೈಗರ್‌ಗೆ, ಸಂಜೆ ಕೆಂಚನಿಗೆ.

ಈ ದಿನ ಅಂಜನಮ್ಮ ಹುಳಿಮಾವಿನ ತಂಗಿ ಮನೆಯಲ್ಲಿ ಮಗುವಿನ ಮುಡಿ ತೆಗೆಸುವ ಊಟಕ್ಕೆ ಹೋಗಿದ್ದಳು. "ಕೆಂಚನ್ನ ನಿನ್ನ ಮೇಲೆ ಬಿಟ್ಟಿದೀನಿ ಕಣೇ ಪಾರ್ವತಿ," ಎಂದು ಹೇಳಿಯೇ ಹೋಗಿದ್ದಳು. ಕಟ್ಟಿದ ಕೆಂಚ ಕುಂಯ್‌ಗುಟ್ಟಿ ತಲೆ ತಿಂದಿತೆಂದು ಪಾರ್ವತಮ್ಮ ಹಗ್ಗ ಬಿಚ್ಚಿದ್ದಳು. ಬಟ್ಟೆ ಹಿಂಡುವಷ್ಟು ಹೊತ್ತು, ಅಷ್ಟೇ ಎಂದುಕೊಂಡಿದ್ದಳು.

ಮನೆಗೆ ಬಂದವಳಿಗೆ ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ಅಕ್ಕಿ ತೊಳೆದಳು, ಒಲೆಗೆ ಇಡುವುದನ್ನು ಮರೆತಳು. ಬಾಗಿಲಿಗೆ ಬಂದಳು, ಒಳಗೆ ಹೋದಳು. ಬೇರೆಯವರ ನಾಯಿಗೆ ನಾನ್ಯಾಕೆ ದಂಡ ಕಟ್ಟಲಿ ಎಂದು ಒಂದು ಮನಸ್ಸು. ಬಿಲ್ಲೆಯಲ್ಲಿ ಅರ್ಧ ಅವಳದಲ್ಲವೇನೇ, ಪಾಪಿ, ಎಂದು ಇನ್ನೊಂದು. ಹೋಗಿ ಹೇಳಿದರೆ ಇಬ್ಬರ ಕಳ್ಳಾಟವೂ ಬಯಲಾಗಿ, ಎರಡು ದಂಡ, ಎರಡು ಲೈಸೆನ್ಸು, ಮೇಲೆ ಗಂಡನ ಬೈಗುಳ. ಅಂಗಳದಲ್ಲಿ ಟೈಗರ್ ಕೆಂಚನ ಹಗ್ಗ ಮೂಸುತ್ತಾ ಸುತ್ತು ಹೊಡೆಯುತ್ತಿತ್ತು. "ಬಿದ್ಕೊಳೋ ಅತ್ಲಾಗೆ," ಎಂದು ಗದರಿದಳು. ಅದು ಬಿದ್ದುಕೊಳ್ಳಲಿಲ್ಲ.

ಕಡೆಗೆ ಸೀಮೆಎಣ್ಣೆಗೆಂದು ಇಟ್ಟಿದ್ದ ದುಡ್ಡನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು. ಬಸ್ಸಿಗೆ ಕಾದು ಕಾದು ಸಾಕಾಗಿ ಅರ್ಧ ದಾರಿ ನಡೆದಳು, ಉಳಿದರ್ಧ ಓಡಿದಳು. ಶೆಡ್ಡಿನ ನೆಲ ಆಗಷ್ಟೇ ತೊಳೆದು ಒದ್ದೆಯಾಗಿತ್ತು. ಬೋನುಗಳೆಲ್ಲಾ ಖಾಲಿ. ಬೆಳಗಿನವನೇ ಬಕೆಟ್ಟು ಕವುಚಿ ಹಾಕುತ್ತಿದ್ದ.

"ತಡ ಆಯ್ತಲ್ಲಮ್ಮ," ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಆಗ್ಲೇ ಎರಡೂ ನಂದು ಅಂದಿದ್ರೆ ಅಲ್ಲೇ ರಸೀತಿ ಹರೀತಿದ್ದೆ."

ವಾಪಸು ಬರುವಾಗ ಬೆವರಿಗೆ ನೋಟು ಅಂಗೈಗೆ ಅಂಟಿಕೊಂಡಿತ್ತು. ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದಳು: ಹಗ್ಗ ತುಂಡಾಯ್ತು ಅಕ್ಕ, ನಾನು ನೋಡೋದ್ರೊಳಗೆ ಓಡಿಹೋಯ್ತು. ಹೇಳಿ ಹೇಳಿ ಅವಳಿಗೇ ನಿಜವೆನ್ನಿಸತೊಡಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅಂಜನಮ್ಮ ಚೀಲ ಹಿಡಿದು ಬಂದಳು. ಬಂದವಳೇ, "ಎಲ್ಲೇ ಕೆಂಚ?" ಎಂದಳು. ಹೊಸೆದ ಸುಳ್ಳು ಪಾರ್ವತಮ್ಮನ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ತಲೆ ಎತ್ತದೆ, ಹೇಳಿಬಿಟ್ಟಳು.

ಅಂಜನಮ್ಮ ಕಟ್ಟೆಯ ಮೇಲೆ ಕೂತಳು. ಚೀಲವನ್ನು ಪಕ್ಕಕ್ಕಿಟ್ಟು, "ಒಂದೇ ಅಂದ್ಯಾ?" ಎಂದು ಕೇಳಿದಳು.

"ಹೂಂ ಅಕ್ಕ."

"ಆಗ ಕೆಂಚ ನಿನ್ನ ನೋಡ್ತಿದ್ನಾ?"

ಪಾರ್ವತಮ್ಮನಿಗೆ ಅಳು ಒತ್ತರಿಸಿ ಬಂತು. ಟೈಗರ್‌ನ ಕೊರಳಪಟ್ಟಿ ಹಿಡಿದು ಎಳೆತಂದಳು. "ಇವನ್ನ ನೀವೇ ಇಟ್ಕೊಳಿ ಅಕ್ಕ. ನಂಗೆ ಬೇಡ."

"ಸುಮ್ನಿರೇ. ಅದೇನ್ ಪಾತ್ರೆನಾ, ಒಂದು ಹೋದ್ರೆ ಇನ್ನೊಂದು ಕೊಡೋಕೆ?"

ಅಂಜನಮ್ಮ ಚೀಲಕ್ಕೆ ಕೈಹಾಕಿ ಮುತ್ತುಗದೆಲೆಯ ಎರಡು ಪೊಟ್ಟಣ ತೆಗೆದಳು. ಬಾಡೂಟದ ಮೂಳೆ. ತಂಗಿ ಮನೆಯವರು ಆಡಿಕೊಂಡು ನಕ್ಕರೂ ಲೆಕ್ಕಿಸದೆ ಎಂಜಲೆಲೆಗಳಿಂದ ಆರಿಸಿ ಕಟ್ಟಿಸಿಕೊಂಡು ಬಂದಿದ್ದಳು. ಒಂದನ್ನು ಬಿಚ್ಚಿ ಟೈಗರ್‌ನ ಮುಂದಿಟ್ಟಳು. ಅದು ಕಟಕಟನೆ ಕಡಿಯತೊಡಗಿತು.

ಅದು ತಿಂದು ಮುಗಿಸಿ, ಬಾಯಿ ನೆಕ್ಕಿಕೊಂಡು, ಇನ್ನೊಂದು ಪೊಟ್ಟಣದ ಕಡೆ ಮೂತಿ ಚಾಚಿತು. ಅಂಜನಮ್ಮ ಕೆಂಚನ ಆ ಪೊಟ್ಟಣವನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.