ಒಂಬತ್ತನೇ ಹಾಡು

೨೦೦೪ನೇ ಇಸವಿ ಮಾರ್ಚ್ ೧೪, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಎಂಟು ನಿಮಿಷಕ್ಕೆ ಅಕ್ಕನ ಹೆಗಲ ಮೇಲಿದ್ದ ಕ್ಯಾಮೆರಾ ನಿಂತುಹೋಯಿತು. ಟೇಪು ಮುಗಿದಿತ್ತು. ಅವಳು ಹಿಂದಕ್ಕೆ ತಿರುಗಿ ನೋಡಿದಳು. ಸಭಾಂಗಣದ ಕೊನೆಯಲ್ಲಿ ಸ್ಟ್ಯಾಂಡಿನ ಮೇಲೆ ತನ್ನಷ್ಟಕ್ಕೆ ಓಡುತ್ತಿದ್ದ ಎರಡನೇ ಕ್ಯಾಮೆರಾದ ಕೆಂಪು ದೀಪವೂ ಆರಿತ್ತು.

ಅವಳ ತಮ್ಮ, ವೇದಿಕೆಯ ಮೇಲಿದ್ದ ರಾಕ್ ತಂಡದ ಡ್ರಮ್ಸ್ ವಾದಕ. ಹಾಗಾಗಿ ತಂಡದವರಿಗೆಲ್ಲ ಅವಳು ಅಕ್ಕ. ವಾರವಿಡೀ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ, ರಜೆಯ ದಿನ ಮದುವೆಗಳ ವಿಡಿಯೊ. ಜನ ಮನೆಯಲ್ಲಿ ಕೂತು ನೋಡುವಂಥ ಡಿಸ್ಕಿಗಾಗಿ ಈ ಕಾರ್ಯಕ್ರಮವನ್ನು ಅವಳೇ ಚಿತ್ರೀಕರಿಸುತ್ತಿದ್ದಳು. ಆಮೇಲೆ ಎರಡೂ ಕ್ಯಾಮೆರಾಗಳ ಚಿತ್ರವನ್ನು ಹೊಂದಿಸಲು ಸುಲಭವಾಗಲೆಂದು ಎರಡನ್ನೂ ಒಂದೇ ಕ್ಷಣಕ್ಕೆ ಶುರು ಮಾಡಿದ್ದಳು. ಒಟ್ಟಿಗೆ ಹೊರಟ ಟೇಪುಗಳು ಒಟ್ಟಿಗೇ ಮುಗಿಯುತ್ತವೆ ಎನ್ನುವುದು, ಅಳತೆಯ ದೋಷಗಳ ಬಗ್ಗೆ ಹುಡುಗರಿಗೆ ವರ್ಷವಿಡೀ ಹೇಳಿಕೊಡುವವಳಿಗೆ, ಹೊಳೆದೇ ಇರಲಿಲ್ಲ. ಮದುವೆಯಲ್ಲಾದರೆ ಒಂದೇ ಕ್ಯಾಮೆರಾ; ಟೇಪು ಬದಲಾಯಿಸುವವರೆಗೆ ಗಂಡುಹೆಣ್ಣು ನಗುತ್ತ ಕಾಯುತ್ತಿದ್ದರು.

ಇಲ್ಲಿ ಯಾರೂ ಕಾಯಲಿಲ್ಲ. ಅದು ಒಂಬತ್ತನೇ ಹಾಡು, ಕೊನೆಯದು. ಅವಳು ಜೇಬಿನಿಂದ ಹೊಸ ಟೇಪು ತೆಗೆದರೆ ಅದರ ಮೇಲಿನ ಪ್ಲಾಸ್ಟಿಕ್ಕನ್ನೇ ಬಿಚ್ಚಿರಲಿಲ್ಲ. ಉಗುರಿಗೆ ಅಂಚು ಸಿಗಲಿಲ್ಲ. ಸರಿಯಾಗಿ ಆ ಹೊತ್ತಿಗೆ ಹಾಡುಗಾರ್ತಿಯ ಗಂಟಲು ಕಟ್ಟಿತು. ಒಂದು ಸಾಲು ಅರ್ಧಕ್ಕೇ ನಿಂತಿತು. ಗಿಟಾರುಗಳು ಗಲಿಬಿಲಿಗೊಂಡು ಸುಮ್ಮನಾದವು. ತಮ್ಮ ಮಾತ್ರ ಕಾಲಿನ ಪೆಡಲನ್ನು ನಿಲ್ಲಿಸಲಿಲ್ಲ. ಗುಂಪಿನಲ್ಲಿ ಯಾರೋ ಒಬ್ಬ ಹೆಂಗಸು, ಅಪಸ್ವರದಲ್ಲೇ, ಉಳಿದ ಅರ್ಧವನ್ನು ಎತ್ತಿಕೊಂಡಳು. ಮುಂದಿನ ಸಾಲಿಗೆ ಇಡೀ ಸಭಾಂಗಣ ಸೇರಿತು. ಅಕ್ಕ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು, ಟೇಪು ತೂರಿಸಿ, ಗುಂಡಿ ಒತ್ತಿದಾಗ ಹಾಡುಗಾರ್ತಿ ಮುಖ ಒರೆಸಿಕೊಂಡು ಮತ್ತೆ ಹಾಡತೊಡಗಿದ್ದಳು.

ಧ್ವನಿಯನ್ನು ಬೇರೆಯೇ ಯಂತ್ರದಲ್ಲಿ ಹಿಡಿದಿದ್ದರಿಂದ ಅದಕ್ಕೇನೂ ಆಗಿರಲಿಲ್ಲ. ಚಿತ್ರವಷ್ಟೇ ಇರಲಿಲ್ಲ.

ಡಿಸ್ಕನ್ನು ತನ್ನ ಎಲ್ಲ ಅಂಗಡಿಗಳಿಗೂ ಹಾಕುತ್ತೇನೆ ಎಂದಿದ್ದ ವಿತರಕ ಅದನ್ನು ನೋಡಿ, "ಏನಿಲ್ಲ, ಅಷ್ಟು ಭಾಗ ಇನ್ನೊಂದ್ಸಲ ಮಾಡಿ ಸೇರಿಸಿಬಿಡಿ, ಯಾರಿಗೆ ಗೊತ್ತಾಗತ್ತೆ?" ಎಂದ. ತಂಡ ಶುರುವಾಗಿ ಒಂಬತ್ತು ವರ್ಷಗಳಲ್ಲಿ ಒಬ್ಬ ವಿತರಕ ಅವರನ್ನು ಕುರ್ಚಿ ಕೊಟ್ಟು ಕೂರಿಸಿದ್ದು ಅದೇ ಮೊದಲು. ಎಲ್ಲರೂ ಒಪ್ಪಿದರು. ಅಕ್ಕನೂ ಒಪ್ಪಿದಳು, ತಪ್ಪು ತನ್ನದಾಗಿರುವಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ಅದೇ ಸಭಾಂಗಣ, ಅದೇ ಬಟ್ಟೆ. ಜನರ ಗುಂಪಾಗಲು ಮೂವತ್ತು ಮಂದಿ ಸ್ನೇಹಿತರು ಮುಂದೆ ನಿಂತಿದ್ದರು. ವಿತರಕ ತಾನೇ ಬಂದಿದ್ದ.

"ನಾಲ್ಕು ಎಣಿಸ್ತೀನಿ. ನಾಲ್ಕಕ್ಕೆ ನಿಮ್ಮ ಗಂಟಲು ಕಟ್ಟಬೇಕು," ಎಂದ ಅವನು ಹಾಡುಗಾರ್ತಿಗೆ.

ನಾಲ್ಕಕ್ಕೆ ಅವಳ ಗಂಟಲು ಕಟ್ಟಿತು. ಕೈ ಕುತ್ತಿಗೆಗೆ ಹೋಯಿತು.

"ಚೆನ್ನಾಗಿತ್ತು. ಇನ್ನೊಂದ್ಸಲ. ಕೈ ಸ್ವಲ್ಪ ನಿಧಾನಕ್ಕೆ ಬರಲಿ."

ಎರಡನೇ ಸಲ ಕೈ ನಿಧಾನಕ್ಕೆ ಬಂತು. ಕ್ಯಾಮೆರಾದ ಕಿಂಡಿಯಲ್ಲಿ ಅದು ತೀರಾ ಅಚ್ಚುಕಟ್ಟಾಗಿ ಕಂಡಿತು. ಅಕ್ಕ ಕ್ಯಾಮೆರಾ ಇಳಿಸಿ ನೆಲದ ಮೇಲಿಟ್ಟಳು.

"ಏನಾಯ್ತು? ಮತ್ತೆ ಟೇಪು ಮುಗೀತಾ?" ತಮ್ಮ ಡ್ರಮ್ಮುಗಳ ಹಿಂದಿನಿಂದ ಕೇಳಿದ. ಒಂದಿಬ್ಬರು ನಕ್ಕರು.

"ಟೇಪು ಬೇಕಾದಷ್ಟಿದೆ. ನಾನು ತೆಗೆಯಲ್ಲ."

"ಅಕ್ಕಾ, ತಪ್ಪು ನಿಂದು. ಅದನ್ನ ಮುಚ್ಚೋಕೆ ಇಷ್ಟು ಜನ ರಜೆ ಹಾಕಿ ಬಂದಿದಾರೆ."

"ನಂದೇ. ಅದಕ್ಕೇ ಹೇಳ್ತಿದೀನಿ, ಮುಚ್ಚಬೇಡಿ. ಪರದೆ ಕಪ್ಪಗಿರಲಿ, ಆವತ್ತಿನ ದನಿ ಮಾತ್ರ ಕೇಳಲಿ. ಈ ಹೊತ್ತಲ್ಲಿ ಕ್ಯಾಮೆರಾದವಳು ಟೇಪು ಬದಲಾಯಿಸ್ತಿದ್ದಳು ಅಂತ ಡಿಸ್ಕಿನ ಮೇಲೇ ಹಾಕಿ."

ವಿತರಕ ಕನ್ನಡಕ ತೆಗೆದು ಒರೆಸಿಕೊಂಡ. "ಅಲ್ಲಮ್ಮ, ದುಡ್ಡು ಕೊಟ್ಟು ಕತ್ತಲೆ ನೋಡೋರು ಯಾರು? ಕರೆಂಟ್ ಹೋದ್ರೆ ಅದು ಪುಕ್ಕಟೆ ಸಿಗತ್ತೆ."

"ನೋಡೋದು ಬೇಡ ಸರ್. ಕೇಳ್ಲಿ."

"ಹಾಗಾದ್ರೆ ನನ್ನ ಅಂಗಡಿಗಳಲ್ಲಿ ಇದಕ್ಕೆ ಜಾಗ ಇಲ್ಲ. ಆಮೇಲೆ ನನ್ನನ್ನ ಅನ್ನಬೇಡಿ."

ತಮ್ಮ ಎದ್ದು ಬಂದು ಅವಳೆದುರು ನಿಂತ. ಚಿಕ್ಕಂದಿನಲ್ಲಿ ಸಿಟ್ಟು ಬಂದಾಗ ಕೆಂಪಾಗುತ್ತಿದ್ದ ಕಿವಿಗಳು ಈಗಲೂ ಹಾಗೇ ಕೆಂಪಾಗಿದ್ದವು. "ಒಂಬತ್ತು ವರ್ಷ ಅಕ್ಕಾ. ನಿನಗೇನು, ಸೋಮವಾರ ಹೋಗೋಕೆ ಲ್ಯಾಬ್ ಇದೆ."

"ಬೈಯೋದು ಆಮೇಲೆ ಬೈ. ಮೊದಲು ಆವತ್ತಿಂದು ಒಂದ್ಸಲ ಹಾಕು."

ಅವನು ಹಾಕಲಿಲ್ಲ. ಹಾಡುಗಾರ್ತಿಯೇ ಕೆಳಗಿಳಿದು ಬಂದು ಧ್ವನಿಯ ಯಂತ್ರ ಚಾಲೂ ಮಾಡಿದಳು. ಸ್ಪೀಕರುಗಳಲ್ಲಿ ಅವಳ ಸಾಲು ಬಂತು, ಅರ್ಧಕ್ಕೆ ನಿಂತಿತು. ಪೆಡಲಿನ ಸದ್ದು ಒಂದೇ ಉಳಿಯಿತು. ಆ ಹೆಂಗಸಿನ ಅಪಸ್ವರ ಎದ್ದಿತು, ಆಮೇಲೆ ಎಲ್ಲರದು.

ಹಾಡುಗಾರ್ತಿ ಯಂತ್ರ ಆರಿಸಿದಳು. "ಆವತ್ತು ನನ್ನ ಕೈ ಎಲ್ಲಿತ್ತು ಅಂತ ನನಗೇ ಗೊತ್ತಿಲ್ಲ," ಎಂದಳು. ಆಮೇಲೆ ವಿತರಕನ ಕಡೆ ತಿರುಗಿ, "ಸಾರಿ ಸರ್. ನಿಮಗೆ ಬೆಳಿಗ್ಗೆಬೆಳಿಗ್ಗೆನೇ ತೊಂದರೆ ಆಯ್ತು. ಅಕ್ಕ ಹೇಳಿದ ಹಾಗೇ ಇರಲಿ," ಎಂದಳು.

ವಿತರಕ ತಮ್ಮನನ್ನು ನೋಡಿದ. "ನೀನೇನಪ್ಪ ಹೇಳ್ತೀಯ?"

ತಮ್ಮ ಡ್ರಮ್ಮುಗಳ ಬಳಿಗೆ ಹೋಗಿ ತಾಳದ ತಟ್ಟೆಗಳ ತಿರುಪು ಬಿಚ್ಚತೊಡಗಿದ. ವಿತರಕ ಹೊರಟುಹೋದ ಮೇಲೂ ಅವನು ಬಿಚ್ಚುತ್ತಲೇ ಇದ್ದ, ಅಕ್ಕನ ಕಡೆ ನೋಡಲಿಲ್ಲ.

ಹತ್ತು ದಿನ ಅವನು ಅವಳೊಡನೆ ಮಾತಾಡಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ತಾನೇ ಅವಳ ಕೋಣೆಗೆ ಬಂದ. ತಂಡದವರೇ ಮನೆಯಲ್ಲಿ ಮುನ್ನೂರು ಡಿಸ್ಕು ಮಾಡುವುದೆಂದು ತೀರ್ಮಾನವಾಗಿತ್ತು. ಹಿಂಬದಿಯ ಹೊದಿಕೆಯ ಬರಹ ಅವನ ಪಾಲಿಗೆ ಬಂದಿತ್ತು. ಮಂಚದ ಅಂಚಿಗೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಹಾಡುಗಳ ಹೆಸರನ್ನು ಒಂದರ ಕೆಳಗೊಂದು ಬರೆದ.

"ಕಪ್ಪು ಪರದೆ ಎಷ್ಟು ಹೊತ್ತು? ಸುಮಾರು ಒಂದು ನಿಮಿಷ ಅಂತ ಹಾಕ್ಲಾ?"

"ಸುಮಾರು ಅಂತೆಲ್ಲ ಹಾಕಬೇಡ."

"ಬಂತು ನೋಡು ಲ್ಯಾಬು," ಎಂದ ಅವನು. ಆದರೂ ಪೆನ್ನು ಹಿಡಿದುಕೊಂಡೇ ಕಾದ.

ಅವಳು ಸಂಕಲನದ ಕಂಪ್ಯೂಟರಿನಲ್ಲಿ ಚಿತ್ರ ನಿಲ್ಲುವ ಜಾಗಕ್ಕೆ ಹೋದಳು, ಮತ್ತೆ ಶುರುವಾಗುವ ಜಾಗಕ್ಕೆ ಹೋದಳು. ಸೆಕೆಂಡಿಗೆ ಇಪ್ಪತ್ತೈದು ಫ್ರೇಮುಗಳೆಂಬ ಬಿಡಿ ಚಿತ್ರಗಳ ಲೆಕ್ಕದಲ್ಲಿ ಹಾಗೆ ಮೂರು ಸಲ ಅಳೆದಳು. ಮೂರು ಸಲವೂ ಒಂದೇ ಬಂತು. ಅವನು ಒಂಬತ್ತನೇ ಹಾಡಿನ ಎದುರಿಗೆ, ಉಳಿದವುಗಳಿಗಿಂತ ಒಂದಿಷ್ಟು ದೊಡ್ಡ ಅಕ್ಷರದಲ್ಲಿ, ಅವಳು ಹೇಳಿದ ಹಾಗೆಯೇ ಬರೆದ: ಚಿತ್ರವಿಲ್ಲ, ಐವತ್ಮೂರು ಸೆಕೆಂಡು, ಏಳು ಫ್ರೇಮು.