ಹೆಸರಿಲ್ಲದ ಮೂಲೆ

ವಿಜಯನಗರದ ಪಾತ್ರೆ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ, ದೇವೇಂದ್ರಪ್ಪನವರ ಗೇಮಿಂಗ್ ಸೆಂಟರ್ ಇತ್ತು. ಚಪ್ಪಲಿ ಹೊರಗೆ ಬಿಡಬೇಕು, ಬಾಯಿಗೆ ಬಂದಂತೆ ಬಯ್ಯಬಾರದು, ಶುಕ್ರವಾರ ಸರ್ವರ್ ಡಬ್ಬಕ್ಕೆ ಕುಂಕುಮ ಇಡುವ ತನಕ ಯಾರೂ ಮೌಸ್ ಮುಟ್ಟಬಾರದು. ಇವು ಅಲ್ಲಿನ ಕಟ್ಟಳೆಗಳು. ಎರಡನೆಯದನ್ನು ಯಾರೂ ಪಾಲಿಸುತ್ತಿರಲಿಲ್ಲ. 2005ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಶ್ರೀಶೈಲ ಆ ಮೆಟ್ಟಿಲು ಹತ್ತಿ ಬಂದಾಗ ಮೊದಲು ಕೇಳಿಸಿದ್ದೇ ಬೈಗುಳ. ಆಮೇಲೆ ಕಂಡದ್ದು ಮಾತ್ರ ಅವನು ಹಿಂದೆಂದೂ ಕಾಣದ್ದು.

ನಾಲ್ಕು ಜನ ಸಾಲಾಗಿ ಕೂತಿದ್ದರು. ಐದನೆಯ ಕುರ್ಚಿ ಖಾಲಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಟೋಲ್‌ಗೇಟಲ್ಲಿ ಇಬ್ರು."

"ಬಂದೆ."

"ಹೊಸಹಳ್ಳಿ ಖಾಲಿ."

"ಒಬ್ಬ ಶಿವನಹಳ್ಳಿಗೆ ಓಡ್ದ. ಬಿಡು, ತಮ್ಮಿ ಇದಾನೆ."

ಇಷ್ಟೇ ಮಾತು. ಆದರೆ ಪ್ರತಿ ಮಾತಿಗೂ ನಾಲ್ಕು ಪರದೆಗಳು ಒಟ್ಟಿಗೇ ಹೊರಳುತ್ತಿದ್ದವು. ಮುಧೋಳದ ಹತ್ತಿರದ ಅವನ ಊರಿನಲ್ಲಿ, ಜೋಳ ತೆನೆಗಟ್ಟಿದಾಗ ಬೆಳವಕ್ಕಿಗಳು ಹಿಂಡಾಗಿ ಬರುತ್ತಿದ್ದವು. ಕವಣೆ ಬೀಸಿದರೆ ಇಡೀ ಹಿಂಡು ಗಾಳಿಯಲ್ಲಿ ಒಮ್ಮೆಗೇ ತಿರುಗಿಬಿಡುತ್ತಿತ್ತು. ಮೊದಲು ತಿರುಗಿದ ಹಕ್ಕಿ ಯಾವುದೆಂದು ಚಿಕ್ಕವನಿದ್ದಾಗ ಎಷ್ಟು ನೋಡಿದರೂ ಅವನಿಗೆ ಗೊತ್ತಾಗಿರಲಿಲ್ಲ. ಈಗಲೂ ಹಾಗೆಯೇ ಬಾಯಿ ತೆರೆದು ನಿಂತ.

ಅವನನ್ನು ಕರೆತಂದು, ತಾನು ಮುಂದಾಗಿ ಮೆಟ್ಟಿಲು ಹತ್ತಿ ಆ ನಾಲ್ವರಲ್ಲಿ ಒಬ್ಬನಾಗಿ ಕೂತಿದ್ದವನು ಸಿದ್ದೇಶ್. ರಾಜಾಜಿನಗರದ ಕಾಲೇಜಿನಲ್ಲಿ ಇಬ್ಬರೂ ಬಿ.ಎಸ್ಸಿ. ಎರಡನೇ ವರ್ಷ. ಶ್ರೀಶೈಲ ನಂದಿನಿ ಲೇಔಟಿನಲ್ಲಿ ಅಕ್ಕ ಕಲಾವತಿಯ ಮನೆಯಲ್ಲಿದ್ದ. ಅಲ್ಲಿನ ಸೈಬರ್ ಸೆಂಟರಿನ ಮೂಲೆಯಲ್ಲಿ ಒಂದು ವರ್ಷದಿಂದ ಈ ಬಂದೂಕಿನ ಆಟವನ್ನು ಒಬ್ಬನೇ ಆಡುತ್ತಿದ್ದ. ಒಂದು ದಿನ ಪ್ರಿಂಟ್ ತೆಗೆಸಲು ಹೋದ ಸಿದ್ದೇಶ್ ಅವನ ಹಿಂದೆ ನಿಂತು ಹತ್ತು ನಿಮಿಷ ನೋಡಿದ. "ಗುರು, ನಿನ್ ಕೈ ಏನ್ ಗುರು! ಇಷ್ಟು ದಿನ ಎಲ್ಲಿದ್ದೆ?" ಎಂದು ಸ್ಕೂಟರ್ ಹತ್ತಿಸಿಕೊಂಡು, ಬಸವೇಶ್ವರನಗರದ ಒಳಗಲ್ಲಿಗಳಲ್ಲಿ ನುಗ್ಗಿಸಿ ಇಲ್ಲಿಗೆ ಕರೆತಂದ. ಐದನೆಯ ಆಟಗಾರ ಕೆಲಸ ಸಿಕ್ಕಿ ಊರು ಬಿಟ್ಟಿದ್ದ. ಸೆಪ್ಟೆಂಬರಿನಲ್ಲಿ ಇಂಟರ್ನೆಟ್ ಮೇಲೆ ದೇಶದ ಬೇರೆ ಬೇರೆ ಊರಿನವರ ಪಂದ್ಯಾವಳಿ. ಕುರ್ಚಿ ತುಂಬಬೇಕಿತ್ತು.

ಆಟ ತಿಳಿಯದವರಿಗೂ ಇದು ಕಷ್ಟವಲ್ಲ. ಐದು ಜನ ಒಂದು ಹಳೆಯ ಊರಿನೊಳಗೆ ನುಗ್ಗಿ ಗೊತ್ತಾದ ಜಾಗದಲ್ಲಿ ಬಾಂಬ್ ಇಡಬೇಕು, ಇನ್ನೈದು ಜನ ತಡೆಯಬೇಕು. ಒಂದು ಸುತ್ತಿನಲ್ಲಿ ಸತ್ತವನು ಮುಂದಿನ ಸುತ್ತಿನವರೆಗೆ ಸುಮ್ಮನೆ ಕೂರಬೇಕು, ಬಾಯಿ ತೆರೆಯುವಂತಿಲ್ಲ. ಹದಿನಾರು ಸುತ್ತು ಮೊದಲು ಗೆದ್ದವರದು ಪಂದ್ಯ.

ಆ ಪರದೆಯ ಊರಿಗೆ ಈ ನಾಲ್ವರು ತಮ್ಮದೇ ಹೆಸರುಗಳನ್ನು ಇಟ್ಟಿದ್ದರು. ಹೊರಡುವ ಬಯಲು ನವರಂಗ್. ಕಮಾನು ಶಿವನಹಳ್ಳಿ. ದೊಡ್ಡ ಜೋಡಿ ಬಾಗಿಲು ಟೋಲ್‌ಗೇಟ್. ಕತ್ತಲ ಸುರಂಗ ಹೊಸಹಳ್ಳಿ. ಬಾಂಬ್ ಇಡುವ ಅಂಗಳ ವಿಜಯನಗರ. ಅದರಾಚೆಯ ಎತ್ತರದ ಕಟ್ಟೆ ದೀಪಾಂಜಲಿ ನಗರ. ಹೀಗೆ ಇನ್ನೂ ಐದಾರು. ಮೊದಲ ದಿನ ಸಿದ್ದೇಶ್ ಎಲ್ಲವನ್ನೂ ಓಡುತ್ತೋಡುತ್ತಲೇ ತೋರಿಸಿದ.

ಅಂಗಳಕ್ಕೂ ಕಟ್ಟೆಗೂ ನಡುವೆ ಎರಡು ಮರದ ಪೆಟ್ಟಿಗೆಗಳಿದ್ದ ಮೂಲೆಯನ್ನು ಶ್ರೀಶೈಲ ತೋರಿಸಿದ. "ಇದಕ್ಕೇನಂತೀರಿ?"

"ಅದಕ್ಕೆ ಹೆಸರಿಲ್ಲ," ಎಂದ ತಮ್ಮಣ್ಣ. ಎಲ್ಲರ ಬಾಯಲ್ಲಿ ತಮ್ಮಿಯಾದ ಅವನು ದಪ್ಪನೆಯ ಹುಡುಗ, ಮೌಸನ್ನು ಕರ್ಚೀಫಿನಲ್ಲಿ ಸುತ್ತಿ ಮನೆಯಿಂದಲೇ ತರುತ್ತಿದ್ದವನು. "ಅಲ್ಲಿ ನಮ್ಮೋರ್ ಯಾರೂ ಸತ್ತಿಲ್ಲ. ಎರಡೂ ಕಡೆಯಿಂದ ಕಾಣುತ್ತೆ, ಯಾವ ಪೆದ್ದನೂ ಅಲ್ಲಿ ಅವಿತ್ಕೊಳ್ಳಲ್ಲ. ನಮ್ಮಲ್ಲಿ ಒಂದು ರೂಲ್ಸು ಮಚ್ಚಾ. ಒಬ್ಬ ಸಾಯ್ಬೇಕು, ಆಮೇಲೇ ಹೆಸರು."

"ಟೋಲ್‌ಗೇಟಲ್ಲಿ ಮೊದಲು ಸತ್ತಿದ್ದು ತಮ್ಮೀನೇ," ಎಂದರು ಉಳಿದಿಬ್ಬರು, ಪಕ್ಕದ ಪೇಪರ್ ಅಂಗಡಿಯ ಅಣ್ಣತಮ್ಮಂದಿರು, ಒಂದೇ ದನಿಯಲ್ಲಿ. ಅವರಿಬ್ಬರೂ ಏನು ಹೇಳಿದರೂ ಹಾಗೆಯೇ.

ಶ್ರೀಶೈಲನಿಗೆ ಹೆಸರುಗಳು ನೆನಪಾಗುತ್ತಿದ್ದವು, ಆದರೆ ತಡವಾಗಿ. "ಹೊಸಹಳ್ಳಿ!" ಎಂಬ ಕೂಗು ಕಿವಿಗೆ ಬಿದ್ದು, ಹೊಸಹಳ್ಳಿ ಅಂದರೆ ಸುರಂಗ, ಸುರಂಗ ಅಂದರೆ ಎಡಕ್ಕೆ ಎಂದು ಹೊಳೆಯುವಷ್ಟರಲ್ಲಿ ಎರಡು ಸೆಕೆಂಡ್ ಕಳೆದಿರುತ್ತಿತ್ತು. ಅಷ್ಟರಲ್ಲಿ ಯಾರೋ ಸತ್ತಿರುತ್ತಿದ್ದರು. ಉಳಿದವರು ಈ ಜಾಗಗಳಲ್ಲೇ ಹುಟ್ಟಿ ಬೆಳೆದವರು, ಅದಕ್ಕೇ ಅವರಿಗೆ ಸುಲಭ ಎಂದುಕೊಂಡ. ಈ ವಿಜಯನಗರ ಬಿಟ್ಟರೆ ತಾನು ಒಂದನ್ನೂ ಕಂಡವನಲ್ಲ. ಕಾಲೇಜು, ಅಕ್ಕನ ಮನೆ, ಸಿದ್ದೇಶನ ಸ್ಕೂಟರಿನ ಹಿಂದಿನ ಸೀಟು, ಇಷ್ಟೇ ಅವನ ಬೆಂಗಳೂರು.

ವಿಜ್ಞಾನದ ವಿದ್ಯಾರ್ಥಿ ಮಾಡಬೇಕಾದ್ದನ್ನೇ ಅವನು ಮಾಡಿದ. ನಗರದ ನಕ್ಷೆ ಕೊಂಡು ತಂದ. ಗೇಮಿಂಗ್ ಸೆಂಟರನ್ನೇ ಮೂಲಬಿಂದುವಾಗಿಟ್ಟು ಗ್ರಾಫ್ ಹಾಳೆಯ ಮೇಲೆ ಒಂದೊಂದು ಜಾಗವನ್ನೂ ಗುರುತಿಸಿದ. ಅಳತೆಪಟ್ಟಿಯಿಂದ ದೂರ, ಕೋನಮಾಪಕದಿಂದ ದಿಕ್ಕು. ಹೆಸರುಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆದು, ಮುಂದೆ ಅಂಕಿಗಳನ್ನು ದಶಮಾಂಶದವರೆಗೆ ತುಂಬಿ, ಬಾಯಿಪಾಠ ಮಾಡಿದ.

"ಏನೋ ಇದು, ಪ್ರಾಕ್ಟಿಕಲ್ಲಾ?" ಎಂದು ಕೇಳಿದಳು ಕಲಾವತಿ, ರೊಟ್ಟಿ ತಟ್ಟುತ್ತಲೇ.

"ಹೂಂ ಅಕ್ಕಾ," ಎಂದ. ಅವನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

ಆ ವಾರದ ಅಭ್ಯಾಸ ಪಂದ್ಯ ಮಲ್ಲೇಶ್ವರದ ತಂಡದೊಂದಿಗೆ. ಮೂರನೇ ಸುತ್ತಿನಲ್ಲಿ ಸಿದ್ದೇಶ್ ಕೂಗಿದ, "ಟೋಲ್‌ಗೇಟಿಂದ ಹೊಸಹಳ್ಳಿಗೆ, ಬೇಗ!" ಈ ಸಲ ಶ್ರೀಶೈಲನಿಗೆ ಯೋಚಿಸಬೇಕಾಗಲಿಲ್ಲ. ನಕ್ಷೆಯಲ್ಲಿ ಟೋಲ್‌ಗೇಟಿನಿಂದ ಹೊಸಹಳ್ಳಿ ದಕ್ಷಿಣಕ್ಕೆ. ಪರದೆಯ ಮೂಲೆಯ ಪುಟ್ಟ ನಕ್ಷೆ ನೋಡಿ ನೇರ ಕೆಳಕ್ಕೆ ಓಡಿದ. ಪರದೆಯ ಊರಿನಲ್ಲಿ ಸುರಂಗ ಇದ್ದದ್ದು ಪಶ್ಚಿಮಕ್ಕೆ. ಅಣ್ಣತಮ್ಮಂದಿರು ತಮ್ಮ ಬೆನ್ನ ಹಿಂದೆ ಅವನಿದ್ದಾನೆಂದು ನಂಬಿ ಸುರಂಗಕ್ಕೆ ಇಳಿದರು. ಇಬ್ಬರೂ ಬೆನ್ನಿಗೆ ಗುಂಡು ತಿಂದು ಸತ್ತರು.

ಮತ್ತೆ ಮೂರು ಸಲ ಇದೇ ಆಯಿತು. ಮೊದಲು ತಡವಾಗಿಯಾದರೂ ಸರಿಯಾಗಿ ಹೋಗುತ್ತಿದ್ದವನು ಈಗ ಬೇಗನೆ ತಪ್ಪು ಕಡೆಗೆ ಹೋಗುತ್ತಿದ್ದ.

"ಎಲ್ಲಿಗ್ ಓಡ್ತೀಯ ಗುರು, ಮುಧೋಳಕ್ಕಾ?" ಎಂದ ತಮ್ಮಣ್ಣ. ಯಾರೂ ನಗಲಿಲ್ಲ.

ಸೋತ ಮೇಲೆ ಸಿದ್ದೇಶ್ ಅವನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ನೋಡು ಮಗಾ, ನಿನ್ನಷ್ಟು ಚೆನ್ನಾಗ್ ಹೊಡೆಯೋನು ನಮ್ಮಲ್ಲಿ ಯಾರೂ ಇಲ್ಲ. ಆದ್ರೆ ನೀನು ನಮ್ ಜೊತೆ ಆಡ್ತಾ ಇಲ್ಲ, ನಮ್ ಪಕ್ಕದಲ್ಲಿ ಆಡ್ತಾ ಇದೀಯ."

"ಇನ್ನೊಂದ್ ಸಲ ನೋಡೋ ಸಿದ್ದು. ನಾ ಕಲೀತೀನಿ."

"ಭಾನುವಾರ ಪುಣೆಯೋರ ಜೊತೆ ಮ್ಯಾಚು. ಅದೊಂದು ಆಡು. ಆಮೇಲೂ ಹಿಂಗೇ ಆದ್ರೆ ರಾಜಾಜಿನಗರದ ಹುಡುಗ ಒಬ್ಬನ್ನ ಮಾತಾಡ್ಸಿದೀನಿ. ಬೇಜಾರ್ ಮಾಡ್ಕೋಬೇಡ."

ಅಂದು ಸಿದ್ದೇಶ್ ಸ್ಕೂಟರಿಗೆ ಕರೆಯಲಿಲ್ಲ. ಶ್ರೀಶೈಲ ಕಾರ್ಡ್ ರಸ್ತೆಗೆ ನಡೆದುಬಂದು ಸಿಕ್ಕಿದ ಬಸ್ ಹತ್ತಿ ಕಿಟಕಿಗೆ ತಲೆಯಾನಿಸಿ ಕೂತ. ಬಸ್ ಸ್ವಲ್ಪ ದೂರ ಹೋಗಿ ನಿಂತಿತು.

"ಹೊಸಹಳ್ಳಿ, ಹೊಸಹಳ್ಳಿ. ಬೇಗ ಇಳೀರಿ."

ಅವನು ತಲೆ ಎತ್ತಿದ.

"ಟೋಲ್‌ಗೇಟ್!"

ಆಮೇಲೆ ಶಿವನಹಳ್ಳಿ. ಕೊನೆಗೆ ನವರಂಗ್. ನಡುವೆ ಬಂದ ಹೆಸರುಗಳೂ ಅವೇ, ಪರದೆಯ ಊರಿನ ಗೋಡೆ, ಏಣಿ, ಬಾವಿಕಟ್ಟೆಗಳು ಒಂದಾದ ಮೇಲೊಂದು, ಒಂದೂ ತಪ್ಪದೆ. ಬಾಂಬಿನ ಅಂಗಳದಿಂದ ಹಿಂದಕ್ಕೆ, ಹೊರಡುವ ಬಯಲಿನವರೆಗೆ.

ನವರಂಗ್ ಹತ್ತಿರ ಇಳಿದ. ನಂದಿನಿ ಲೇಔಟಿನ ಬಸ್ ಹತ್ತುವ ಬದಲು ರಸ್ತೆ ದಾಟಿ ಎದುರು ಬದಿಗೆ ಹೋಗಿ ನಿಂತ. ಕೆಂಗೇರಿ ಕಡೆಯ ಬಸ್ ಬಂತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಒಂದೇ ಉಸಿರಿಗೆ ಕೂಗಿದ: "ಶಿವನಹಳ್ಳಿ ಟೋಲ್‌ಗೇಟ್ ಹೊಸಹಳ್ಳಿ ವಿಜಯನಗರ ಅತ್ತಿಗುಪ್ಪೆ ದೀಪಾಂಜಲಿ ಸ್ಯಾಟಲೈಟ್ ಕೆಂಗೇರೀ..."

ಶ್ರೀಶೈಲ ಹತ್ತಿದ. ವಿಜಯನಗರದವರೆಗೆ ಹೋದ, ಇಳಿದ, ಮತ್ತೆ ನವರಂಗಿಗೆ ಬಂದ. ಹಾಗೆ ಮೂರು ಸಲ ಓಡಾಡಿದ. ದೂರ ಮುಖ್ಯವಲ್ಲ, ದಿಕ್ಕು ಮುಖ್ಯವಲ್ಲ. ಯಾವುದರ ಮುಂದೆ ಯಾವುದು, ಇಷ್ಟೇ. ದಾರವನ್ನು ಹೇಗೆ ಸುತ್ತಿದರೂ ಮಣಿಗಳ ಸಾಲು ಬದಲಾಗುವುದಿಲ್ಲವಲ್ಲ! ಬೆಂಗಳೂರಿನ ನೆಟ್ಟನೆಯ ರಸ್ತೆಯನ್ನು ಯಾರೋ ಮಡಚಿ, ಬಾಗಿಸಿ, ಆ ಪರದೆಯ ಊರಿನೊಳಗೆ ಹಾಸಿಬಿಟ್ಟಿದ್ದರು. ಇವನೋ ದಾರವನ್ನು ಕತ್ತರಿಸಿ, ಮಣಿಗಳನ್ನು ವರ್ಣಮಾಲೆಗೆ ಜೋಡಿಸಿ, ಒಂದೊಂದನ್ನೂ ತೂಗಿ ನೋಡುತ್ತ ಕೂತಿದ್ದ.

ಮರುದಿನ ಕಾಲೇಜಿನಲ್ಲಿ ಸಿದ್ದೇಶನನ್ನು ಹಿಡಿದು ನಿಲ್ಲಿಸಿದ. "ಅದು ಬಸ್ಸಿನ ದಾರಿ ಐತಿ! ಮೊದಲ ಯಾಕ ಹೇಳ್ಲಿಲ್ಲೋ?"

ಸಿದ್ದೇಶ್ ಕಣ್ಣು ಪಿಳಿಪಿಳಿ ಬಿಟ್ಟ. "ಯಾವ್ ದಾರಿ?"

"ನವರಂಗ್, ಶಿವನಹಳ್ಳಿ, ಟೋಲ್‌ಗೇಟ್... ನೀವಿಟ್ಟ ಹೆಸರೆಲ್ಲ ಸಾಲಾಗಿ ಅದಾವು. ನಾ ಬಸ್ಸಿನ್ಯಾಗ ಕುಂತಾಗ ಗೊತ್ತಾತು."

ಸಿದ್ದೇಶ್ ಬೆರಳು ಮಡಚಿ ಒಂದೊಂದಾಗಿ ಎಣಿಸಿದ. "ಅಯ್ಯೋ, ಹೌದಲ್ವಾ... ನಾನು ಯೋಚ್ನೆ ಮಾಡಿ ಇಟ್ಟಿದ್ದಲ್ಲ ಗುರು. ನಮ್ಮಪ್ಪ ಆ ರೂಟಲ್ಲಿ ಹದಿನಾರ್ ವರ್ಷ ಕಂಡಕ್ಟರ್. ಚಿಕ್ಕೋನಿದ್ದಾಗ ರಜೆ ಬಂದ್ರೆ ಅವರ ಜೊತೆ ದಿನವಿಡೀ ಬಸ್ಸಲ್ಲೇ ಇರ್ತಿದ್ದೆ. ಒಂದು ಜಾಗ ಆದ್ಮೇಲೆ ಇನ್ನೊಂದು ಅಂದ್ರೆ ಬಾಯಿಗೆ ಅದೇ ಬರೋದು." ಆಮೇಲೆ ಮೆಲ್ಲಗೆ ಸೇರಿಸಿದ: "ತಮ್ಮಿ, ಆ ಅಣ್ಣತಮ್ಮಂದಿರು, ಮೂವರೂ ಆ ಬಸ್ಸಲ್ಲೇ ಸ್ಕೂಲಿಗೆ ಹೋಗಿದ್ದು. ಅದಕ್ಕೇ ಕಲಿಸ್ಬೇಕಾಗ್ಲಿಲ್ಲವೇನೋ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಂದ್ಯ. ದೇವೇಂದ್ರಪ್ಪನವರು ಶುಕ್ರವಾರವಲ್ಲದಿದ್ದರೂ ಸರ್ವರಿಗೆ ಕುಂಕುಮ ಇಟ್ಟರು. ಉಳಿದ ಗಿರಾಕಿಗಳಿಗೆ ಡೌನ್‌ಲೋಡ್ ನಿಲ್ಲಿಸಿ ಎಂದು ಗದರಿ, ಸತ್ತವರು ಮಾತಾಡದಂತೆ ನೋಡಿಕೊಳ್ಳಲು ಐವರ ಹಿಂದೆ ಕೈಕಟ್ಟಿ ನಿಂತರು.

ಪುಣೆಯವರು ಗಟ್ಟಿಗರು. ಆದರೆ ಆ ಬೆಳಿಗ್ಗೆ ಶ್ರೀಶೈಲನ ತಲೆಯೊಳಗೆ ಒಂದು ಬಸ್ ಓಡುತ್ತಿತ್ತು. "ಟೋಲ್‌ಗೇಟ್" ಎಂದರೆ ಸಾಕು, ಮುಂದಿನದು, ಹಿಂದಿನದು ತಾವಾಗಿಯೇ ಬರುತ್ತಿದ್ದವು. ಅಣ್ಣತಮ್ಮಂದಿರು ಸುರಂಗಕ್ಕೆ ಇಳಿದಾಗ ಅವರ ಬೆನ್ನಿಗೆ ಅವನಿದ್ದ. ಮೂರನೆಯ ಸಲ ಹಾಗಾದಾಗ ಇಬ್ಬರೂ ಒಟ್ಟಿಗೇ, "ಬಂದ ಕಣೋ," ಎಂದರು, ಯಾರಿಗೆಂದಿಲ್ಲದೆ. ಹದಿನೈದು ಇವರದು, ಹದಿನಾಲ್ಕು ಅವರದು ಆಯಿತು.

ಮೂವತ್ತನೆಯ ಸುತ್ತು. ಐವರೂ ಸುರಂಗದಲ್ಲಿ ಸಾಲಾಗಿ ನಡೆದರು. ಎಲ್ಲರಿಗಿಂತ ಮುಂದೆ ಶ್ರೀಶೈಲ. ಸುರಂಗದ ಬಾಯಿಂದ ಅಂಗಳಕ್ಕೆ ಕಾಲಿಟ್ಟ. ಎದುರಿನ ಕಟ್ಟೆ ಖಾಲಿ. ಎಡಗೋಡೆ ಖಾಲಿ. ಅಷ್ಟರಲ್ಲಿ, ಯಾವ ಪೆದ್ದನೂ ಅವಿತುಕೊಳ್ಳದ ಆ ಎರಡು ಪೆಟ್ಟಿಗೆಗಳ ನಡುವೆ ಬಂದೂಕಿನ ಕೊಳವೆ ಮಿಂಚಿತು. ಪುಣೆಯವರ ಅತಿ ಚುರುಕಿನ ಆಟಗಾರ ಇಡೀ ಪಂದ್ಯದಲ್ಲಿ ಒಮ್ಮೆಯೂ ಹೋಗದ ಜಾಗದಲ್ಲಿ ಈಗ ಕೂತಿದ್ದ. ಮೊದಲ ಗುಂಡು ಆಗಲೇ ತಗುಲಿತ್ತು. ತಿರುಗಿ ಹೊಡೆಯಲು ಸಮಯವಿಲ್ಲ. ಹಿಂದಿನ ನಾಲ್ವರು ಒಬ್ಬೊಬ್ಬರಾಗಿ ಹೊರಬರುವವರು, ಒಬ್ಬೊಬ್ಬರಾಗಿ ಸಾಯುವವರು. ಹೇಳಬೇಕು. ಆದರೆ ಆ ಮೂಲೆಗೆ ಹೆಸರೇ ಇಲ್ಲವಲ್ಲ!

ವಿಜಯನಗರ ಆದ ಮೇಲೆ, ದೀಪಾಂಜಲಿಗೆ ಮುಂಚೆ.

"ಅತ್ತಿಗುಪ್ಪೆ!" ಎಂದು ಕಿರುಚಿದ. ಮರುಕ್ಷಣ ಅವನ ಪರದೆ ಕೆಂಪಾಗಿ ಮಸುಕಾಯಿತು.

ದೇವೇಂದ್ರಪ್ಪನವರ ಕೈ ಅವನ ಹೆಗಲ ಮೇಲೆ ಬಿತ್ತು. ಇನ್ನು ಮಾತಿಲ್ಲ. ಶ್ರೀಶೈಲ ಪಕ್ಕಕ್ಕೆ ನೋಡಿದ.

ಯಾರೂ "ಎಲ್ಲಿ?" ಎಂದು ಕೇಳಲಿಲ್ಲ. ಇನ್ನೂ ಯಾರೂ ಸುರಂಗದಿಂದ ಹೊರಬಂದಿರಲಿಲ್ಲ, ಆ ಮೂಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೂ ಕತ್ತಲಲ್ಲೇ ನಾಲ್ಕು ಬಂದೂಕುಗಳು ಹೊರಳಿದವು. ಹೊರಗೆ ಬಂದಾಗ ನಾಲ್ಕು ಪರದೆಗಳ ಮೇಲೆ, ನಾಲ್ಕು ಕೋನಗಳಿಂದ, ಒಂದೇ ಮರದ ಪೆಟ್ಟಿಗೆ ನಟ್ಟನಡುವೆ ನಿಂತಿತ್ತು. ಆ ಹೆಸರನ್ನು ಆ ಕೋಣೆಯಲ್ಲಿ ಅದುವರೆಗೆ ಯಾರೂ ಯಾರಿಗೂ ಹೇಳಿರಲಿಲ್ಲ. ಹಿಂಡು ತಿರುಗಿತ್ತು. ಮೊದಲು ತಿರುಗಿದ ಹಕ್ಕಿ ಯಾವುದೆಂದು ಈ ಸಲ ಗೊತ್ತಿದ್ದರೂ ಶ್ರೀಶೈಲನ ಬೆರಗು ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಗುಂಡುಗಳು ಮರವನ್ನು ಸೀಳಿ ಹೋದವು. ಪುಣೆಯವನು ಉರುಳಿದ. ಅಂಗಳ ತೆರೆಯಿತು, ಬಾಂಬ್ ಕೂತಿತು. ಮುಂದಿನ ನಲವತ್ತು ಸೆಕೆಂಡುಗಳಲ್ಲಿ ನಡೆದದ್ದನ್ನು ತಮ್ಮಣ್ಣ ಆಮೇಲೆ ವಾರಗಟ್ಟಲೆ ವರ್ಣಿಸಿದ. ಹದಿನಾರು, ಹದಿನಾಲ್ಕು.

ಕುಣಿದು ಕಿರುಚಿ ಮುಗಿದ ಮೇಲೆ ತಮ್ಮಣ್ಣ ಇದ್ದಕ್ಕಿದ್ದಂತೆ ಕೈ ಎತ್ತಿದ. "ತಡಿ ತಡಿ. ಅದಕ್ಕೆ ಅತ್ತಿಗುಪ್ಪೆ ಅಂತ ಯಾವಾಗ ಇಟ್ವಿ?"

"ಇಟ್ಟಿರ್ಲಿಲ್ಲ," ಎಂದರು ಅಣ್ಣತಮ್ಮಂದಿರು.

"ಮತ್ತೆ ನಂಗೆ ಹೆಂಗ್ ಗೊತ್ತಾಯ್ತು?"

ನಾಲ್ವರೂ ಶ್ರೀಶೈಲನನ್ನು ನೋಡಿದರು, ಇವನು ತಮ್ಮ ಜೇಬಿನಿಂದಲೇ ತಮಗೇ ಗೊತ್ತಿಲ್ಲದ ವಸ್ತುವೊಂದನ್ನು ತೆಗೆದು ತೋರಿಸಿದನೇನೋ ಎನ್ನುವಂತೆ.

"ಒಬ್ಬ ಸತ್ತ," ಎಂದ ಸಿದ್ದೇಶ್ ಕೊನೆಗೆ. "ಹೆಸರು ಬಿತ್ತು. ರೂಲ್ಸ್ ಪ್ರಕಾರಾನೇ ಆಗಿದೆ." ಐದನೆಯ ಕುರ್ಚಿಯ ಬೆನ್ನನ್ನು ತಟ್ಟಿದ. "ಆ ರಾಜಾಜಿನಗರದ ಹುಡುಗನಿಗೆ ನಾನೇ ಫೋನ್ ಮಾಡ್ತೀನಿ ಬಿಡು. ಬಾ, ಮನೆಗ್ ಬಿಡ್ತೀನಿ."

"ಬ್ಯಾಡೋ. ಇವತ್ತ ನಾ ಬಸ್ಸಿಗೆ ಹೋಗ್ತೀನಿ."

ಕಾರ್ಡ್ ರಸ್ತೆಯಲ್ಲಿ ಅವನು ನಂದಿನಿ ಲೇಔಟ್ ಕಡೆಗೆ ಹೋಗಲಿಲ್ಲ. ಕೆಂಗೇರಿಯ ಬಸ್ ಹತ್ತಿ ಮುಂದಿನ ನಿಲ್ದಾಣದಲ್ಲೇ ಇಳಿದ. ಕಂಡಕ್ಟರನ ಬಾಯಲ್ಲಿ ಮಾತ್ರ ಕೇಳಿದ್ದ ಜಾಗ. ತಗಡಿನ ಸೂರು, ಕಬ್ಬಿನ ಹಾಲಿನ ಗಾಡಿ, ಸೇವಂತಿಗೆ ಮೊಳ ಹಾಕುತ್ತಿದ್ದ ಹೆಂಗಸು, ಬಿಸಿಲು.

"ಎಲ್ಲಿಗೆ ಹೋಗ್ಬೇಕಪ್ಪಾ?" ಎಂದು ಕೇಳಿದಳು ಹೂವಿನವಳು, ಅವನು ಬಹಳ ಹೊತ್ತು ನಿಂತಿದ್ದನ್ನು ಕಂಡು.

"ಇಲ್ಲಿಗೇ ಬಂದೀನ್ರೀ," ಎಂದ ಶ್ರೀಶೈಲ.